ವಂಡಿ ತಾನೇ ಹೇಳುತ್ತೆ

ಊಟಿಯ ಆ ಮೆಕ್ಯಾನಿಕ್ಕನನ್ನು ಏನು ಕೇಳಿದರೂ ಒಂದೇ ಉತ್ತರ: "ಅವಸರ ಬೇಡ ಸಾರ್, ವಂಡಿ ತಾನೇ ಹೇಳುತ್ತೆ."

ಅವನ ತಮಿಳು ಬಾಯಲ್ಲಿ 'ವಂಡಿ'ಯಾದ ನನ್ನ ಕಾರು ಹೊಗೆ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿತ್ತು. ಹೊಗೆ ಶುದ್ಧಿ ಮಾಡಬೇಕಾದ ಕನ್ವರ್ಟರ್, ಎಂಜಿನ್ ಎಷ್ಟು ಓಡಿಸಿದರೂ ಬಿಸಿಯೇರಿ ಕೆಲಸ ಶುರು ಮಾಡುತ್ತಲೇ ಇರಲಿಲ್ಲ. ಮೂರು ದಿನ ಬೆಳಿಗ್ಗೆ ಅವನು ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ, ರೇಡಿಯೇಟರ್ ಪೈಪನ್ನು ನಾಡಿ ನೋಡುವವನಂತೆ ಹಿಡಿದು ಸುಮ್ಮನೆ ನಿಂತ. ನಾನು ಹಲ್ಲು ಕಡಿಯುತ್ತಿದ್ದೆ, ಚಳಿಗಷ್ಟೇ ಅಲ್ಲ.

ನಾಲ್ಕನೆಯ ದಿನ ಪೈಪು ಬಿಚ್ಚಿ ಕಿರುಚಿದ: "ಥರ್ಮೋಸ್ಟಾಟೇ ಇಲ್ಲ ಸಾರ್! ಎಂಜಿನ್ ಬಿಸಿಯಾಗೋವರೆಗೂ ರೇಡಿಯೇಟರ್ ನೀರು ತಡೆಯೋದೇ ಅದು, ಅದಿಲ್ದೆ ಹೆಂಗೆ ಬಿಸಿಯಾಗುತ್ತೆ? ಯಾವ ಮುಟ್ಠಾಳ ತೆಗೆದ?"

"ಹೋದ ಬೇಸಿಗೇಲಿ ಕಲ್ಲಟ್ಟಿ ಘಾಟಿ ಹತ್ತುವಾಗ ಕಾರು ಕುದೀತು ಅಂತ ನೀನೇ ಅಲ್ವೇನಯ್ಯಾ ಕಿತ್ತು ಹಾಕಿದ್ದು!"

ಅವನು ಪ್ರೀತಿಯಿಂದ ಬಾನೆಟ್ ತಟ್ಟಿದ.

"ನೋಡಿದ್ರಾ ಸಾರ್? ವಂಡಿ ಹೇಳಿಬಿಡ್ತು."