ಕಬ್ಬಿಣದ ಕೋವಿಗೆ ಹಿತ್ತಾಳೆಯ ಹೂ

ಆಚಾರ್ರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡೇ ಬೆಳೆಯುತ್ತಿತ್ತು. ಆ ಸೀಳಿನೊಳಗಿನ ಹಸಿರು ಕಿಲುಬು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಏನನ್ನಾದರೂ ಹೇಳುವ ಮೊದಲು ಅವರು ಅದೇ ಉಗುರನ್ನು ಲೋಹದ ಅಂಚಿನ ಮೇಲೆ ಒಮ್ಮೆ ಎಳೆಯುತ್ತಿದ್ದರು. ಆಮೇಲೆ ಹೇಳಿದ್ದು ತಪ್ಪಿದ್ದನ್ನು ನಾನು ಕಾಣೆ.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ದೋಹಾದ ಶ್ರೀಮಂತರೊಬ್ಬರ ಆಯುಧ ಸಂಗ್ರಹದಲ್ಲಿ ಪಟ್ಟಿ ಟೈಪ್ ಮಾಡುವುದು ನನ್ನ ಕೆಲಸ, ರಿಪೇರಿ ಆಚಾರ್ರದು. ಕಾರ್ಕಳದ ಕಡೆಯವರು, ವಿಲ್ಲಾಗಳ ಬಾಗಿಲಿಗೆ ಹಿತ್ತಾಳೆ ಹಿಡಿಕೆ ಕೂರಿಸಲು ಬಂದವರನ್ನು ಮಾಲೀಕರು ಕೆಲಸ ಮೆಚ್ಚಿ ಇಲ್ಲಿಗೆ ತಂದಿದ್ದರು. ಮನೆಯಲ್ಲಿ ಕೊಂಕಣಿ ಆಡುವ ಕ್ರೈಸ್ತನಾದ ನನ್ನನ್ನು, ಊರಿನ ರೂಢಿಯಂತೆ, ‘ಪೊರ್ಬುಗಳೇ’ ಎಂದು ಕರೆಯುತ್ತಿದ್ದರು.

ಸಂಗ್ರಹದಲ್ಲಿ ಅಮೆರಿಕದ ಉದ್ದ ನಳಿಗೆಯ ಹಳೆಯ ಕೋವಿಗಳಿದ್ದವು. ಅವುಗಳ ಹಿಂಬದಿಯ ಮರದಲ್ಲಿ, ಗುಂಡಿಗೆ ಸುತ್ತುವ ಬಟ್ಟೆಚೂರು ಇಡುವ ಪುಟ್ಟ ಗೂಡು, ಅದಕ್ಕೊಂದು ಲೋಹದ ಮುಚ್ಚಳ. ಮುಚ್ಚಳದ ಚಿತ್ತಾರ ನೋಡಿ ಕೋವಿ ಯಾವ ಸೀಮೆಯದೆಂದು ಹೇಳಬಹುದಂತೆ. ಪುಸ್ತಕದ ಇಂಗ್ಲಿಷನ್ನು ನಾನು ಓದಿ ಹೇಳುತ್ತಿದ್ದೆ, ಅವರು ಚಿತ್ರಗಳನ್ನು ತೆಳು ಕಾಗದಕ್ಕೆ ಇಳಿಸಿಕೊಳ್ಳುತ್ತಿದ್ದರು. ಲ್ಯಾಂಕಾಸ್ಟರ್ ಎಂಬ ಊರಿನದು ಎಸಳು ಬಿಡಿಸಿದ ಹಿತ್ತಾಳೆಯ ಹೂ. ಅಲ್ಲಿನದೇ ದಕ್ಷಿಣದ ಬೆಟ್ಟಸೀಮೆಯದು ಹೂವಿಲ್ಲದ ಉದ್ದನೆಯ ಕಬ್ಬಿಣ. ಕೆಲವೇ ತಿಂಗಳಲ್ಲಿ ಪುಸ್ತಕ ಅವರಿಗೆ ಬೇಡವಾಯಿತು.

“ಇದರಲ್ಲಿ ಎಂತ ಉಂಟು? ಮೂಡಬಿದ್ರೆಯವ ಮಾಡಿದ ಕಾಲುದೀಪ ಕಾರ್ಕಳದವನಿಗೆ ಗೊತ್ತಾಗುವುದಿಲ್ವಾ?” ಎನ್ನುತ್ತಿದ್ದರು.

ಒಮ್ಮೆ ಹೊಸ ಕೋವಿಯೊಂದು ಬಂತು. ಸಂಗ್ರಹದ ಸಲಹೆಗಾರ, ಒಬ್ಬ ವಿದೇಶಿ, ಅದನ್ನು ಲ್ಯಾಂಕಾಸ್ಟರ್‌ನದೆಂದು ಕೊಡಿಸಿದ್ದ. ಮುಚ್ಚಳ ಹಿತ್ತಾಳೆಯ ಹೂವೇ. ಆದರೆ ಹೆಗಲಿಗೆ ಒತ್ತುವ ತಗಡು, ಟ್ರಿಗರ್‌ನ ಸುತ್ತಿನ ಬಳೆ ಎಲ್ಲ ಕಬ್ಬಿಣ. ಆಚಾರ್ರು ಉಗುರೆಳೆದು, ಇದರ ಅಡಿಯನ್ನು ನೋಡಬೇಕು, ತಿರುಪು ತೆಗೆಯಲಾ ಎಂದು ಕೇಳಿದರು. ಅದಕ್ಕೆ ಸಲಹೆಗಾರನ ಅನುಮತಿ ಬೇಕಿತ್ತು, ಅವನು ಇರಲಿಲ್ಲ. ತೆಗೆಯಿರಿ, ಅವನಿಗೆ ನಾನು ಹೇಳಿಕೊಳ್ಳುತ್ತೇನೆ ಎಂದವನು ನಾನು.

ಹೂವಿನ ಅಡಿಯಲ್ಲಿ, ಕಬ್ಬಿಣದ ಮುಚ್ಚಳದ ಅಳತೆಗೆ ಕೊರೆದ ಉದ್ದನೆಯ ಹಳೆಯ ಗುಳಿ ಇತ್ತು. ಅದಕ್ಕೆ ಹೊಸ ಮರ ತುಂಬಿ ಬಣ್ಣ ಬಳಿದಿದ್ದರು. ಬೆಟ್ಟಸೀಮೆಯ ಕೋವಿಗೆ ಯಾರೋ ಲ್ಯಾಂಕಾಸ್ಟರ್‌ನ ಹೂ ಮುಡಿಸಿದ್ದರು.

ಸಲಹೆಗಾರ ಬಂದು ನೋಡಿ ನೇರ ಮಾಲೀಕರ ಬಳಿಗೆ ಹೋದ. ಮೆಕ್ಯಾನಿಕ್ ಯಾರನ್ನೂ ಕೇಳದೆ ಅಮೂಲ್ಯ ವಸ್ತುವನ್ನು ಕಿತ್ತು ಹಾಳು ಮಾಡಿದ್ದಾನೆ ಎಂದ. ಮಾಲೀಕರು ನನ್ನತ್ತ ತಿರುಗಿ, ಇವನಿಗೆ ಯಾರು ಹೇಳಿದ್ದು ಎಂದು ಕೇಳಿದರು. ನನ್ನ ಹೆಂಡತಿ, ಮಗಳು ಬಂದು ಅಲ್ ಸದ್ದ್‌ನಲ್ಲಿ ಮನೆ ಹೂಡಿ ಎರಡೇ ತಿಂಗಳಾಗಿತ್ತು.

“ಗೊತ್ತಿಲ್ಲ ಸರ್,” ಎಂದೆ.

ಆಚಾರ್ರು ನನ್ನ ಮುಖ ನೋಡಿದರು, ನನ್ನ ಹೆಸರೆತ್ತಲಿಲ್ಲ. ಹೂ ಬೇರೆ ಊರಿನದು ಎಂದಷ್ಟೇ ಹರಕು ಹಿಂದಿಯಲ್ಲಿ ಹೇಳಿದರು. ಸಲಹೆಗಾರ ನಕ್ಕ. ಮಾಲೀಕರು ‘ಖಲಾಸ್’ ಎಂದರು. ವಾರದೊಳಗೆ ಆಚಾರ್ರ ವೀಸಾ ರದ್ದಾಯಿತು.

ದೋಹಾ ಜದೀದಾದ ಅವರ ಕೋಣೆಗೆ ಹೋದಾಗ ಬಟ್ಟೆ ಮಡಚುತ್ತಿದ್ದರು.  ಅವರೇ ಹೇಳಿದರು: “ನೀವು ಸಂಸಾರಸ್ಥರು ಪೊರ್ಬುಗಳೇ, ನನಗೆ ಅರ್ಥ ಆಗ್ತದೆ. ಪಟ್ಟಿಯಲ್ಲಿ ಆ ಕೋವಿಯ ಊರಾದರೂ ಸರಿಯಾಗಿ ಬರೀರಿ.”

ಮರುದಿನ ನಾನು ‘ಲ್ಯಾಂಕಾಸ್ಟರ್’ ಎಂದೇ ಟೈಪ್ ಮಾಡಿದೆ.

ಎರಡು ವರ್ಷದ ಮೇಲೆ ಅಮೆರಿಕದಿಂದ ಒಬ್ಬ ತಜ್ಞ ಬಂದ. ಅದೇ ತಿರುಪು ತೆಗೆದು ಅದನ್ನೇ ಹೇಳಿದ. ಎಲ್ಲರೂ ತಲೆದೂಗಿದರು, ತನಗೂ ಮೊದಲಿನಿಂದ ಅನುಮಾನವಿತ್ತೆಂದು ಸಲಹೆಗಾರ ಸೇರಿಸಿದ. ನಾನು ಪಟ್ಟಿ ತಿದ್ದಿದೆ. ‘ಗುರುತಿಸಿದವರು’ ಎಂಬಲ್ಲಿ ತಜ್ಞನ ಹೆಸರು ಹಾಕಿದೆ. 

ಆ ಶುಕ್ರವಾರ ಅಬು ಹಮೂರ್‌ನ ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೊರಬಂದು ಕಾರ್ಕಳಕ್ಕೆ ಫೋನ್ ಮಾಡಿದೆ. ಎತ್ತಿದ್ದು ಆಚಾರ್ರ ಹೆಂಡತಿ. ಯಜಮಾನರು ತೀರಿಕೊಂಡು ಆರು ತಿಂಗಳಾಯಿತು ಎಂದರು. ಗಲ್ಫಿನಲ್ಲಿ ಮಾಲು ಹಾಳು ಮಾಡಿ ಬಂದವ ಎಂಬ ಸುದ್ದಿ ಊರಿಗೂ ತಲುಪಿ, ಯಾರೂ ನಂಬಿ ಕೆಲಸ ಕೊಡಲಿಲ್ಲವಂತೆ. ಆಮೇಲೆ ಕೇಳಿದರು:

“ಅವರು ಅಲ್ಲಿ ಹಾಳು ಮಾಡಿದ್ದು ಎಂತ?”

“ಏನೂ ಇಲ್ಲಮ್ಮ. ಅವರು ಹೇಳಿದ್ದೇ ಸರಿ ಇತ್ತು.”



“ಇದು ನಿಮಗೆ ಆಗಲೇ ಗೊತ್ತಿತ್ತಾ?”

ಇತ್ತು ಎಂದೆ. ಫೋನ್ ಇಟ್ಟವರು ಅವರೇ.