ನೆಗೆಣ್ಣಿಯ ಕಿರುಬೆರಳು

ಎರಡು ಚಮಚಗಳ ನಡುವೆ ಗುಳಿಗೆ ಪುಡಿಯಾಗುವ ಸಣ್ಣ ಸದ್ದು, ಅದರ ಹಿಂದೆಯೇ ಕಿತ್ತಳೆ ಹಣ್ಣಿನ ಸುಳ್ಳು ವಾಸನೆ. ಮೊನ್ನೆ ಶಹಾಪುರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಮಗ ತನ್ನ ಮೂರು ವರ್ಷದ ಮಗಳಿಗಾಗಿ ಜಂತುಹುಳದ ಗುಳಿಗೆ ಅರೆಯುತ್ತಿದ್ದ. ಅಂಗನವಾಡಿಯಲ್ಲಿ ಎಲ್ಲ ಮಕ್ಕಳಿಗೂ ಕೊಟ್ಟ ದಿನ ಇವಳಿಗೆ ಜ್ವರವಿತ್ತು. ಜ್ವರವಿದ್ದಾಗ ಬೇಡ ಅಂದಿದ್ದರಿಂದ, ಮೈ ಹಗುರಾದ ಮೇಲೆ ಡಾಕ್ಟರಿಗೆ ತೋರಿಸಿ ಗುಳಿಗೆ ತಂದಿದ್ದ. ನಾನು ಹೊಸ್ತಿಲ ಬಳಿ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ, ಬಂದು ಎದುರಿಗೆ ನಿಂತಂತಾಯಿತು. ಕರೆಯದೆ ಬರುವುದು ಅವಳ ಹಳೆಯ ಚಾಳಿ.

ನಾನು ಸುರಪುರದವಳು. ಹತ್ತನೆಯ ತರಗತಿ ಪಾಸಾಗಿದ್ದೇನೆ ಅನ್ನುವ ಜಂಬ ಹೊತ್ತುಕೊಂಡು ಬಳಿಚಕ್ರದಲ್ಲಿ ಕುರಿ ಸಾಕುವ ಮನೆಗೆ ಸೊಸೆಯಾಗಿ ಬಂದೆ. ಬರುವ ಹೊತ್ತಿಗೆ ನೆಗೆಣ್ಣಿ ಆ ಮನೆಯನ್ನು ಪೂರಾ ಕೈಯಲ್ಲಿ ಹಿಡಿದಿದ್ದಳು. ಅತ್ತೆ ಏನೇ ಕೇಳುವುದಿದ್ದರೂ ಅವಳನ್ನೇ ಕೇಳಬೇಕು. ನಾನು ಮೈಮುರಿದು ರೊಟ್ಟಿ ಬಡಿದು ಹಾಕಿದರೆ ನನ್ನ ಗಂಡ ತಿನ್ನುತ್ತ ತಿನ್ನುತ್ತ, “ವೈನಿ ರೊಟ್ಟಿ ತೆಳ್ಳಗ ಇರ್ತಾವ” ಎಂದು ಅತ್ತಿಗೆಯನ್ನೇ ಹೊಗಳುತ್ತಿದ್ದ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ತಂಗಿ ಅನ್ನುತ್ತಿದ್ದಳು. ನೋಡಿದವರಿಗೆ ಒಡಹುಟ್ಟಿದವರಂತೆ ಕಾಣುತ್ತಿದ್ದೆವಂತೆ. ನನ್ನ ಹೊಟ್ಟೆಯೊಳಗೆ ಏನಿತ್ತೆಂದು ನನಗೆ ಗೊತ್ತಿತ್ತು… ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಕೊಟ್ಟು ಏನು ಪ್ರಯೋಜನ?

ರೊಟ್ಟಿ, ಅತ್ತೆ, ಗಂಡ, ಇವನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಸಹಿಸಲಾಗದೆ ಹೋದದ್ದು ಮಗನ ವಿಷಯ. ಅವಳಿಗೆ ಮೂವರು ಹೆಣ್ಣುಮಕ್ಕಳಿದ್ದರು, ನನಗೆ ಇವನೊಬ್ಬ. ಆ ಒಬ್ಬನೂ ಅವಳ ಪಾಲಾದ. ಬೆಳಿಗ್ಗೆ ಕಣ್ಣು ಬಿಟ್ಟರೆ ದೊಡ್ಡವ್ವ ಬೇಕು, ಬಿದ್ದರೆ ದೊಡ್ಡವ್ವ ಬೇಕು. ನಾನು ತುತ್ತು ಹಿಡಿದರೆ ಮುಖ ತಿರುಗಿಸುತ್ತಿದ್ದವನು ಅವಳು ಕರೆದರೆ ಅದೇ ಅನ್ನಕ್ಕೆ ಬಾಯಿ ಬಿಡುತ್ತಿದ್ದ. ಅವಳದೊಂದು ಕೈಗುಣವಿತ್ತು. ತನ್ನ ಕಿರುಬೆರಳನ್ನು ಅವನ ತುಟಿಯ ಮೂಲೆಗೆ ಮೆಲ್ಲಗೆ ತಾಗಿಸುತ್ತಿದ್ದಳು. ಅವನು ಕಿಲಕ್ಕೆಂದು ನಗುತ್ತಿದ್ದ, ಬಾಯಿ ತಾನಾಗಿ ತೆರೆಯುತ್ತಿತ್ತು. ಇದು ಅವಳು ಕುರಿಮರಿಗಳಿಂದ ಕಲಿತದ್ದು. ಮಳೆ ಬಿದ್ದು ಹೊಸ ಹುಲ್ಲು ಬಂದಾಗ ಕುರಿಗಳಿಗೆ ಜಂತಿನ ಔಷಧ ಕುಡಿಸುತ್ತಾರಲ್ಲ, ಆಗ ಮರಿಯ ಬಾಯಿಯ ಮೂಲೆಯಲ್ಲಿ ಹಲ್ಲಿಲ್ಲದ ಕಡೆ ಬೆರಳಿಟ್ಟರೆ ಅದು ಬಾಯಿ ಬಿಡುತ್ತದೆ. ಬಿದಿರಿನ ಗೊಟ್ಟದಿಂದ ಒಂದು ಹನಿಯೂ ಚೆಲ್ಲದಂತೆ ಅವಳು ಔಷಧ ಹೊಯ್ಯುತ್ತಿದ್ದಳು. ನಾನೂ ಮಗನ ಮೇಲೆ ಆ ಕಿರುಬೆರಳಿನ ಆಟ ಆಡಿ ನೋಡಿದೆ. ಅವನು ಕಚ್ಚಿದ.

ಅವನಿಗೆ ನಾಲ್ಕು ತುಂಬಿದ ವರ್ಷ ಹೊಟ್ಟೆ ಮುಂದೆ ಬಂತು. ಕೈಕಾಲು ಕಡ್ಡಿಯಾದವು. ಗೋಡೆಯ ಮಣ್ಣು ಕೆರೆದು ತಿನ್ನುವುದು, ಹೊಕ್ಕಳ ಸುತ್ತ ನೋವೆಂದು ಮುದುರಿ ಕೂಡುವುದು. ಕುರಿದೊಡ್ಡಿಯಲ್ಲಿ ಬರಿಗಾಲಲ್ಲಿ ಆಡುವವನು, ಆ ಕೈಯಲ್ಲೇ ರೊಟ್ಟಿ ತಿನ್ನುವವನು. ಮೊದಲು ಗುರುತಿಸಿದ್ದು ಅವಳೇ.

“ತಂಗಿ, ಕೂಸಿನ ಹೊಟ್ಯಾಗ ಜಂತ ಆಗ್ಯಾವ ನೋಡು,” ಅಂದಳು.

ಹೆತ್ತವಳಿಗೆ ಕಾಣದ್ದು ಇವಳಿಗೆ ಕಂಡಿತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅದು ಜಂತಲ್ಲ, ದೃಷ್ಟಿ ತಾಗಿದೆ ಅಂದುಬಿಟ್ಟೆ. ಯಾರ ದೃಷ್ಟಿ ಎಂದು ಹೇಳಲಿಲ್ಲ, ಆದರೆ ಅವಳ ಕಡೆಯೇ ನೋಡಿ ಹೇಳಿದೆ.

ಮರುದಿನ ಕೊಡ ಹೊತ್ತು ಒಳಗೆ ಬರುತ್ತೇನೆ, ಅವಳು ಅಡುಗೆಮನೆಯಲ್ಲಿ ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದಾಳೆ. ಪಕ್ಕದಲ್ಲಿ ಕುರಿಯ ಔಷಧದ ಬಾಟಲಿ. ಚಮಚದ ತುಂಬ ಹಾಲಿನಂಥ ಬಿಳಿ ನೀರು. ಕಿರುಬೆರಳು ತುಟಿಯ ಮೂಲೆಯಲ್ಲಿ. ನನ್ನ ಮಗ ನಗುನಗುತ್ತ ಬಾಯಿ ತೆರೆದಿದ್ದ. ಕೊಡ ಎಲ್ಲಿಟ್ಟೆನೋ ಗೊತ್ತಿಲ್ಲ, ಅವಳ ಕೈಗೆ ಬಡಿದೆ. ಚಮಚ ಹಾರಿ ಒಲೆಯ ಹತ್ತಿರ ಬಿತ್ತು, ಔಷಧವೆಲ್ಲ ಅವಳ ಸೀರೆಯ ಮೇಲೆ.

“ಕುರೀದು ಕುಡಸಾಕತ್ತೀಯಲ್ಲ ಅಕ್ಕ, ಬುದ್ಧಿ ಅದ ಏನು ನಿನಗ?”

ಅವಳು ಬೆದರಿದ್ದಳು, ಆದರೂ ಸೋಲಲಿಲ್ಲ. “ಮರಿಗಿ ನಡೀತದ, ಕೂಸಿಗಿ ನಡೀದಿಲ್ಲೇನು? ನನ್ನ ಮೂರೂ ಹುಡುಗ್ಯಾರಿಗಿ ಒಂದೊಂದು ಚಮಚ ಹಾಕೇ ಬೆಳಸೀನಿ. ಓಣ್ಯಾಗಿನವರೂ ಒಯ್ದು ಹಾಕ್ತಾರ.”

ಆ ಬಾಟಲಿಯ ಮೇಲೆ ಕುರಿಯ ಚಿತ್ರವಿತ್ತು, ಪ್ರಾಣಿಗಳಿಗೆ ಮಾತ್ರ ಎಂದು ಬರೆದಿತ್ತು. ಓದಿ ಹೇಳಿದೆ. ಹೇಳುವಾಗ ಒಳಗೊಳಗೇ ಎಷ್ಟು ಹಿತವಾಯಿತೆಂದರೆ… ಆ ಮನೆಗೆ ಬಂದ ಮೇಲೆ ಮೊದಲ ಸಲ ನಾನು ಸರಿ, ಅವಳು ತಪ್ಪು. ಆದರೆ ಮಗ ಅವಳ ಕೊರಳಿಗೆ ಜೋತುಬಿದ್ದು, “ದೊಡ್ಡವ್ವಗ ಯಾಕ ಹೊಡದಿ?” ಎಂದು ನನ್ನ ಮೇಲೆಯೇ ಸಿಟ್ಟಾಗಿ ಅಳತೊಡಗಿದ.

ಅವನ ತುಟಿ ಒದ್ದೆಯಾಗಿತ್ತು. ಒಳಗೆ ಎಷ್ಟು ಹೋಗಿದೆಯೋ ಗೊತ್ತಿರಲಿಲ್ಲ. ಬಾಯಿ ತೊಳೆದು, ಟೆಂಪೋ ಹತ್ತಿ ಯಾದಗಿರಿಯ ದವಾಖಾನೆಗೆ ಹೊರಟೆ. ಹೊರಡುವಾಗ ಅವಳೇ ಓಡಿಬಂದು ಬಾಟಲಿಯನ್ನು ನನ್ನ ಚೀಲದೊಳಗೆ ತುರುಕಿದಳು. “ಡಾಕ್ಟರಗ ತೋರಸು. ಏನು ಅನ್ನೋದು ಅವರಿಗಿ ಗೊತ್ತಾಗ್ಲಿ,” ಅಂದಳು. ಮುಖ ಬಿಳಿಚಿಕೊಂಡಿತ್ತು.

ಡಾಕ್ಟರಮ್ಮ ಬಾಟಲಿ ತಿರುಗಿಸಿ ನೋಡಿದರು, ಮಗನ ಕಣ್ಣು, ನಾಲಿಗೆ, ಹೊಟ್ಟೆ ನೋಡಿದರು. ತುಟಿಗೆ ತಾಗಿದ್ದಷ್ಟೇ, ಹೆದರುವಂಥದ್ದೇನಿಲ್ಲ ಅಂದ ಮೇಲೆ ನಾನು ಉಸಿರು ಬಿಟ್ಟೆ. “ಇದು ಕುರಿ ತೂಕ ನೋಡಿ ಮಾಡಿದ್ದವ್ವ. ಚಮಚದಾಗ ಅಂದಾಜು ಹಾಕಿ ಕೂಸಿಗಿ ಕುಡಸಬಾರದು. ಇಷ್ಟು ದಿನ ಯಾರಿಗೂ ಏನೂ ಆಗಿಲ್ಲಂದ್ರ ಅದು ನಿಮ್ಮ ನಸೀಬು,” ಅಂದರು. ಜ್ವರ ಇದೆಯೇ, ಎಂದಾದರೂ ಮೂರ್ಛೆ ಬಂದಿತ್ತೇ, ಬೇರೆ ಔಷಧ ನಡೆದಿದೆಯೇ ಎಂದೆಲ್ಲ ಕೇಳಿ ಒಂದೇ ಒಂದು ಗುಳಿಗೆ ಕೊಟ್ಟರು. ಪುಡಿ ಮಾಡಿ ನೀರಲ್ಲಿ ಕಲಸಿ, ಮಗುವನ್ನು ನೆಟ್ಟಗೆ ಕೂಡಿಸಿ ಕುಡಿಸಬೇಕು. ಅಳುವಾಗ ಬೇಡ, ಮಲಗಿಸಿ ಬೇಡ, ಮೂಗು ಹಿಡಿದಂತೂ ಬೇಡವೇ ಬೇಡ, ಉಸಿರಿನ ದಾರಿಗೆ ಹೋದೀತು. ಸ್ವಲ್ಪ ಹೊಟ್ಟೆ ನುಲಿದರೆ ಗಾಬರಿಯಾಗಬಾರದು, ವಾಂತಿ ನಿಲ್ಲದಿದ್ದರೆ ಕರೆದುಕೊಂಡು ಬರಬೇಕು. ಮನೆಯ ಉಳಿದವರಿಗೆ ಊರಿಗೆ ಬರುವ ನರ್ಸಮ್ಮ ವಯಸ್ಸು ನೋಡಿ ಕೊಡುತ್ತಾಳೆ, ಬಸುರಿಯಾದವರು ಮಾತ್ರ ಕೇಳದೆ ನುಂಗಬಾರದು. ಉಗುರು, ಚಪ್ಪಲಿ, ಸಾಬೂನು… ದಾರಿಯುದ್ದಕ್ಕೂ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದೆ. ಅಷ್ಟು ಶ್ರದ್ಧೆಯಿಂದ ನಾನು ಪರೀಕ್ಷೆಗೂ ಓದಿರಲಿಲ್ಲ. ಅತ್ತೆಯ ಎದುರಿಗೆ, ಅವಳ ಎದುರಿಗೆ, ಒಂದಕ್ಷರ ಬಿಡದೆ ಒಪ್ಪಿಸಬೇಕಿತ್ತು.

ಒಪ್ಪಿಸಿದೆ. ಅತ್ತೆ ದೊಡ್ಡ ಸೊಸೆಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು, “ಯಾವಾಗ ಹಾಕಬೇಕಂತ ಗುಳಗಿ?” ಎಂದಷ್ಟೇ ಕೇಳಿದಳು.

ನಾನೇ ಹಾಕುವವಳು ಎಂದು ಪುಡಿ ಮಾಡಿದೆ. ಮನೆಯೆಲ್ಲ ಆ ಕಿತ್ತಳೆಯ ವಾಸನೆ. ಮಗ ಹಲ್ಲು ಕಚ್ಚಿ ಕೂತ. ರಮಿಸಿದೆ, ಬೆಲ್ಲ ತೋರಿಸಿದೆ, ಗದರಿದೆ. ಬೆಳಿಗ್ಗೆ ನಾನು ದೊಡ್ಡವ್ವನಿಗೆ ಹೊಡೆದದ್ದನ್ನು ಅವನು ಮರೆತಿರಲಿಲ್ಲ. ಕೊನೆಗೆ ಜೋರಾಗಿ ಅಳತೊಡಗಿದ. ಎಲ್ಲರೂ ನೋಡುತ್ತಿದ್ದಾರೆ, ಹೆತ್ತ ತಾಯಿಗೆ ಮಗನ ಬಾಯಿ ತೆರೆಸಲಾಗುತ್ತಿಲ್ಲ. ನಾಚಿಕೆಯೋ ಸಿಟ್ಟೋ, ದಾರಿಯುದ್ದ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿ ನನ್ನ ಕೈ ಅವನ ಮೂಗಿನ ಕಡೆ ಹೋಯಿತು. ಅವಳು ನನ್ನ ಮಣಿಕಟ್ಟು ಹಿಡಿದಳು.

“ಮೂಗು ಹಿಡಿಬ್ಯಾಡ ತಂಗಿ. ಈಗಷ್ಟ ನೀನ ಹೇಳಿದಿಯಲ್ಲ.”

ಆಮೇಲೆ ಕೈ ಬಿಟ್ಟು ದೂರ ಸರಿದು ನಿಂತಳು. ಕೊಡು ಎಂದು ಕೇಳಲಿಲ್ಲ. ಕೇಳಿದ್ದರೆ ಖಂಡಿತ ಕೊಡುತ್ತಿರಲಿಲ್ಲ. ನಾನೇ ಎದ್ದು ಹೋಗಿ ಆ ಚಮಚವನ್ನು ಅವಳ ಕೈಗಿಟ್ಟೆ. ಅಷ್ಟು ಭಾರದ ಚಮಚವನ್ನು ನಾನು ಮತ್ತೆ ಎತ್ತಿಲ್ಲ. ಅವಳು ಅವನ ಅಳು ಪೂರ್ತಿ ನಿಲ್ಲುವವರೆಗೂ ಕಾದಳು. ನೆಟ್ಟಗೆ ಕೂಡಿಸಿದಳು. ಕಿರುಬೆರಳು ತುಟಿಯ ಮೂಲೆಗೆ ಹೋಯಿತು. ಅವನು ನಕ್ಕ, ಬಾಯಿ ತೆರೆದ, ನುಂಗಿದ. ನಾನು ತಂದ ಗುಳಿಗೆ ಅವಳ ಕೈಯಿಂದ ಅವನ ಹೊಟ್ಟೆ ಸೇರಿತು.

ಜಂತು ಬಿದ್ದದ್ದನ್ನು ಅವನು ಓಡಿಹೋಗಿ ಹೇಳಿದ್ದೂ ಅವಳಿಗೇ. ಮೈ ತುಂಬಿಕೊಂಡು, ಮಣ್ಣು ಬಿಟ್ಟು ಅನ್ನ ಕೇಳುವಂತಾದ ಮೇಲೆ ಅತ್ತೆ, “ದೊಡ್ಡಾಕಿ ಕೈ ಛಲೋ ಅದ,” ಅಂದರು. ಟೆಂಪೋದಲ್ಲಿ ಹೋಗಿಬಂದವಳು ನಾನು.

ಕುರಿಯ ಬಾಟಲಿಯನ್ನು ಅವಳು ಅಡುಗೆಮನೆಯ ಗೂಡಿನಿಂದ ತೆಗೆದು ದೊಡ್ಡಿಯ ಮಾಡಿನೊಳಗೆ ಮಕ್ಕಳ ಕೈಗೆ ಸಿಗದಂತೆ ಕಟ್ಟಿದಳು. ಓಣಿಯ ಹೆಂಗಸರು ಎಂದಿನಂತೆ ಮಕ್ಕಳಿಗೆಂದು ಔಷಧ ಕೇಳಿಕೊಂಡು ಬಂದರೆ ಬಾಗಿಲಲ್ಲೇ ತಡೆಯುತ್ತಿದ್ದಳು. “ಅದು ಕುರೀದವ್ವ, ಕೂಸುಗಳಿಗಿ ಬ್ಯಾಡ. ನಮ್ಮ ತಂಗಿನ ಕೇಳ್ರಿ, ಆಕಿ ಡಾಕ್ಟರಮ್ಮನ ಕೂಡ ಮಾತಾಡ್ಯಾಳ.” ತನ್ನ ತಪ್ಪನ್ನು ಅಷ್ಟು ಹಗುರಾಗಿ ಒಪ್ಪಿ, ದೊಡ್ಡಸ್ತಿಕೆಯನ್ನು ನನ್ನ ತಲೆಗೆ ಕಟ್ಟಿಬಿಟ್ಟಳು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಸೋತಾಗಲೂ ಚೆಂದ ಕಾಣುವವರ ಜೊತೆ ಬಾಳುವುದು ಬಹಳ ಕಷ್ಟ.

ಮುಂದಿನ ಬೇಸಿಗೆಗೆ ಬೇರೆಯಾದೆವು. ಭಾವ ತನ್ನ ಪಾಲಿನ ಕುರಿ ಹೊಡೆದುಕೊಂಡು ಅವಳ ತವರಿನ ಕಡೆ, ತಿಂಥಣಿಯ ಹೊಳೆದಂಡೆಗೆ ಹೋದ. ಮಗ ಒಂದು ವಾರ ಬಾಗಿಲಲ್ಲಿ ಕೂತು ದೊಡ್ಡವ್ವ ಎಂದ, ಆಮೇಲೆ ಬಿಟ್ಟ. ಇನ್ನು ಇವನು ನನ್ನವನು ಎಂದು ನಾನು ಹಿಗ್ಗಿದೆ. ಆಮೇಲೆ ಅವಳು ಬಹಳ ದಿನ ಬದುಕಲಿಲ್ಲ. ಯಾವುದೋ ಜ್ವರ ಎಂದರು. ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ, ತೆಳ್ಳಗೆ ಬಡಿಯಲು ಅಷ್ಟರಲ್ಲಿ ಕಲಿತಿದ್ದೆ…

ಮೊನ್ನೆ ಮೊಮ್ಮಗಳು ಅಪ್ಪನಂತೆಯೇ ಹಲ್ಲು ಕಚ್ಚಿ ಕೂತಳು. ಮಗ ಗದರಲಿಲ್ಲ. ಅವಳ ಸಿಟ್ಟು ಇಳಿಯುವವರೆಗೆ ಸುಮ್ಮನಿದ್ದು, ತನ್ನ ಕಿರುಬೆರಳನ್ನು ಅವಳ ತುಟಿಯ ಮೂಲೆಗೆ ತಾಗಿಸಿದ. ಹುಡುಗಿ ನಕ್ಕಳು, ಬಾಯಿ ತೆರೆದಳು. ನನ್ನ ಕೈಯೊಳಗಿನ ಸೊಪ್ಪು ಅಲ್ಲೇ ನಿಂತಿತು.

“ಇದನ್ನ ಯಾರ ಕಲಿಸ್ಯಾರೋ ನಿನಗ?” ಅಂದೆ.

“ನೀನ ಅಲ್ಲೇನವ್ವ, ಸಣ್ಣವನಿದ್ದಾಗ ಹಿಂಗ ಹಾಕ್ತಿದ್ದಿ,” ಅಂದ.

ಇಷ್ಟು ವರ್ಷ ಅವಳಿಂದ ಕಿತ್ತುಕೊಳ್ಳಬೇಕೆಂದು ಒದ್ದಾಡಿದ್ದು ಕೇಳದೆಯೇ ನನ್ನ ಮಡಿಲಿಗೆ ಬಿದ್ದಿತ್ತು. ಸುಮ್ಮನಿದ್ದರೆ ನನ್ನದೇ ಆಗುತ್ತಿತ್ತು. ಇರಲಾಗಲಿಲ್ಲ.

“ನಾನಲ್ಲಪ. ನಿಮ್ಮ ದೊಡ್ಡವ್ವ.”

“ಹೌದಾ? ನನಗ ಆಕಿ ಮಾರಿ ಸುದ್ದಾ ನೆನಪಿಲ್ಲ. ಫೋಟೋದಾಗ ನೋಡೀನಿ ಅಷ್ಟ,” ಎಂದು ಚಮಚ ತೊಳೆಯಲು ಎದ್ದು ಹೋದ.

ಅತ್ತೆಯೂ ಗಂಡನೂ ಹೋದ ಮೇಲೆ ಅವಳ ಮುಖ ನೆನಪಿರುವುದು ಈ ಮನೆಯಲ್ಲಿ ನನಗೊಬ್ಬಳಿಗೇ. ಹಣೆಯ ಹಚ್ಚೆ, ಮಾತಾಡುವಾಗ ಸೆರಗಿನಿಂದ ಮೂಗು ಒರೆಸಿಕೊಳ್ಳುವುದು, ಎಲ್ಲವೂ. ಅಷ್ಟರಲ್ಲಿ ಮೊಮ್ಮಗಳು ತುಟಿಗೆ ಪುಡಿ ಮೆತ್ತಿಕೊಂಡೇ ಬಂದು ನನ್ನ ಮುಂದೆ ಕೂತು, ತನ್ನ ಪುಟ್ಟ ಕಿರುಬೆರಳನ್ನು ನನ್ನ ತುಟಿಯ ಮೂಲೆಗೆ ಇಟ್ಟಳು. ನನಗೆ ನಗು ಬಂತು, ಬಾಯಿ ತೆರೆಯಿತು. ಅಕ್ಕ ಇದ್ದಿದ್ದರೆ ಇವಳನ್ನೂ ಖಂಡಿತ ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಹೊಟ್ಟೆಕಿಚ್ಚು ಪಡಲಿಕ್ಕಾದರೂ ಅವಳು ಇರಬೇಕಾಗಿತ್ತು.