ಎಡ ಭುಜದ ಅರ್ಧ ಇಂಚು

ಹೋದ ವಾರ ಟ್ರಂಕು ತೆಗೆದಾಗ ಹಸಿರು ರವಿಕೆ ಬಟ್ಟೆ ಸಿಕ್ಕಿತು. ಕತ್ತರಿಸಿದ್ದು, ಹೊಲಿದಿರಲಿಲ್ಲ. ತುಂಡುಗಳನ್ನು ಬಿಡಿಸಿದರೆ ಸೀಮೆಸುಣ್ಣದ ಗೆರೆಗಳು ಹಾಗೇ ಇದ್ದವು... ಎಡ ಭುಜದ ಗೆರೆ ಬಲಕ್ಕಿಂತ ಅರ್ಧ ಇಂಚು ಕೆಳಗೆ. ನನ್ನ ಭುಜ ಹಾಗಿರುವುದು ನನಗೇ ಗೊತ್ತಿರಲಿಲ್ಲ. ಹಿರಿಯೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೈಲರ್ ಚಾಚಾ ಒಮ್ಮೆ ಸುಮ್ಮನೆ ನೋಡಿ ಹೇಳಿದ್ದರು.

ಆ ಗೆರೆ ಎಳೆದ ದಿನ ಎಲ್ಲ ದಿನಗಳಂತೆಯೇ ಇತ್ತು. ಬಬ್ಬೂರಿನ ಫಾರಂ ಕೆಲಸಕ್ಕೆ ರಜೆ, ನಾನು ಚಾಚಾರ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ಚಾಚಾ ಕತ್ತರಿ ಕೆಳಗಿಟ್ಟು ಮೊಬೈಲ್ ಎತ್ತಿಕೊಂಡರು. ಅದು ನನ್ನ ಹಳೆಯದು. ಸಿಮ್ ಇರಲಿಲ್ಲ, ಒಂದು ಆಟ ಮಾತ್ರ ಇತ್ತು. ಮುಚ್ಚಿದ ಚಿತ್ರಗಳಲ್ಲಿ ಯಾವುದರ ಜೋಡಿ ಎಲ್ಲಿದೆ ಎಂದು ನೆನಪಿಟ್ಟು ತೆರೆಯುವ ಆಟ. ಚಾಚಾ ಒಬ್ಬರ ರವಿಕೆಯನ್ನು ಇನ್ನೊಬ್ಬರಿಗೆ ಕೊಡತೊಡಗಿದಾಗ, ಮನೆಯ ತಿರುವು ದಾಟಿ ಮುಂದೆ ಹೋಗತೊಡಗಿದಾಗ, ದಿನಾ ಆಡಿದರೆ ಮರೆವು ಹೋಗುತ್ತದೆಂದು ಯಾವುದೋ ವಿಡಿಯೋ ನೋಡಿ ನಾನೇ ಹಾಕಿಕೊಟ್ಟಿದ್ದೆ. ಡಾಕ್ಟರಿಗೆ ತೋರಿಸೋಣ ಎಂದ ಅವರ ಹೆಂಡತಿ ಚಾಚಿಗೆ, ಸ್ವಲ್ಪ ದಿನ ನೋಡೋಣ ಎಂದಿದ್ದೂ ನಾನೇ.

ಎರಡು ತಿಂಗಳಲ್ಲಿ ಅವರು ನನ್ನನ್ನು ಸೋಲಿಸತೊಡಗಿದ್ದರು.

"ಏನ್ ಬೇಟಿ, ಮತ್ತೆ ಸೋತ್ಯಾ? ನಿನ್ ತಲೆ ತುಕ್ಕು ಹಿಡದೈತೆ. ಮಿಷಿನ್ ಎಣ್ಣೆ ಬಿಡ್ಲಾ?"

ಗುಂಡಿ ಹಾಕುತ್ತಾ ಕೂತಿದ್ದ ಚಾಚಿಯೂ ಸೇರಿ ಮೂವರೂ ನಕ್ಕೆವು. ನನ್ನ ಹಸಿರು ರವಿಕೆಗೆ ಲೈನಿಂಗ್ ಬಟ್ಟೆ ಬೇಕಿತ್ತು. ತಾವೇ ಪೇಟೆಗೆ ಹೋಗಿ ತರುವುದಾಗಿ ಚಾಚಾ ಎದ್ದರು. ಚಾಚಿ ನನ್ನ ಮುಖ ನೋಡಿದರು.

"ಒಬ್ರನ್ನೇ ಕಳಿಸ್ಲೇನಮ್ಮ?"

"ಕಳಿಸ್ರಿ ಚಾಚಿ. ನನ್ನೇ ಸೋಲಿಸೋರು ಪ್ಯಾಟೆ ದಾರಿ ಮರೀತಾರಾ?"

ಸಂಜೆ ಹೊಸದುರ್ಗದ ಬಸ್ ಸ್ಟ್ಯಾಂಡಿನಿಂದ ಫೋನ್ ಬಂತು. ಯಾರೋ ಪುಣ್ಯಾತ್ಮರು ಚೀಲದ ಮೇಲಿದ್ದ ಅಂಗಡಿಯ ನಂಬರ್ ನೋಡಿ ಮಾಡಿದ್ದರು. ಯಾವುದೋ ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದ ಚಾಚಾ ಇಳಿಯುವಾಗ ಬಿದ್ದು ಸೊಂಟ ಮುರಿದುಕೊಂಡಿದ್ದರು. ತಾವು ಯಾವ ಊರಲ್ಲಿದ್ದೇವೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಮೊಬೈಲನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದರು.

"ಆಟ ಆಡಿದ್ರೆ ಆಟ ಚೆನ್ನಾಗಿ ಬರ್ತೈತಮ್ಮ, ಅಷ್ಟೇ," ಎಂದರು ಡಾಕ್ಟರು. "ಮೊದ್ಲೇ ಕರ್ಕೊಂಡು ಬರ್ಬೇಕಿತ್ತು."

ಆಮೇಲೆ ಅವರು ಮಂಚ ಬಿಟ್ಟು ಏಳಲಿಲ್ಲ. ಮಲಗಿದಲ್ಲೇ ಆಡುತ್ತಿದ್ದರು, ಗೆಲ್ಲುತ್ತಲೂ ಇದ್ದರು. ಒಂದು ಮಧ್ಯಾಹ್ನ ಗೆದ್ದು ಮೊಬೈಲ್ ನನ್ನ ಕೈಗಿತ್ತು, "ಯಾರ ಮನೆ ಹುಡುಗಿನಮ್ಮ ನೀನು?" ಎಂದು ಕೇಳಿದರು... ನಾನು ಹೇಳಿದೆ. ತಲೆಯಾಡಿಸಿದರು. ರಂಜಾನ್ ಮುಗಿದ ವಾರ ತೀರಿಕೊಂಡರು.

ಅಂಗಡಿ ಖಾಲಿ ಮಾಡುವಾಗ ಚಾಚಿ ಈ ತುಂಡುಗಳನ್ನು ಕೊಟ್ಟರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈಗ ಬೇರೆಯವರ ಹತ್ತಿರ ಹೊಲಿಸುತ್ತೇನೆ. ಮೊನ್ನೆ ಆಕೆ ಟೇಪು ಹಿಡಿದು, "ಎರಡೂ ಭುಜ ಸಮ ಅದಾವಲ್ಲಕ್ಕ?" ಎಂದಳು. ಹೂಂ ಎಂದೆ.

ಹಸಿರು ಬಟ್ಟೆಯನ್ನು ಅವಳಿಗೆ ಕೊಡಲಿಲ್ಲ. ಮಡಚಿ ಮತ್ತೆ ಟ್ರಂಕಿನಲ್ಲಿಟ್ಟೆ. ಅದರ ಲೈನಿಂಗ್ ಇನ್ನೂ ಬಂದಿಲ್ಲ.